ಬೀಗರ ನಶ್ಯ

ನಮ್ಮ ತಾಯಿಯ ಅಪ್ಪನಿಗೆ ಅಂಗಡಿ ನಶ್ಯ ಸೇರುತ್ತಿರಲಿಲ್ಲ. ಸೊರಬದ ಪೇಟೆಯಲ್ಲಿ ಮದರಾಸಿನ ಡಬ್ಬಿ ನಶ್ಯ ಸಿಗುತ್ತಿತ್ತು, ಒಣ ಬಾಳೆಪಟ್ಟೆಯಲ್ಲಿ ಸುತ್ತಿ ಕೊಡುವ ಬಿಡಿ ನಶ್ಯವೂ ಇತ್ತು. ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು, "ಎಂತದಾ ಇದು, ದಾರಿ ಮೇಲಿನ ಧೂಳು ಗೋರಿ ತಂದಿದ್ದಾ?" ಅಂತ ಒಂದು ಮಾತಾಡಿ ಮಾಡಿನ ಸಂದಿಗೆ ಸಿಕ್ಕಿಸಿಬಿಡುತ್ತಿದ್ದರು. ಅವರು ಹೋದ ಮೇಲೆ ಹಂಚು ಕೈಯಾಡಿಸುವಾಗ ಅಂಥ ಡಬ್ಬಿಗಳು ಒಂದೊಂದಾಗಿ ಉದುರಿದವು, ಮುಚ್ಚಳಕ್ಕೆ ತುಕ್ಕು ಹಿಡಿದು.

ಅವರ ನಶ್ಯ ಮನೆಯಲ್ಲೇ ಆಗಬೇಕು, ಅವರ ಕೈಯಲ್ಲೇ ಆಗಬೇಕು. ಬಣ್ಣ ಕಪ್ಪು. ಬರೀ ಕಪ್ಪಲ್ಲ, ಬೆರಳಲ್ಲಿ ತಿಕ್ಕಿದರೆ ಒಳಗಿಂದ ಕೆಂಪು ಇಣುಕಬೇಕು. ಚಿಟಿಕೆ ಹಿಡಿದರೆ ಹಿಡಿದಲ್ಲೇ ನಿಲ್ಲಬೇಕು, ಗಾಳಿಗೆ ಹಾರಬಾರದು. ಎಲ್ಲಕ್ಕಿಂತ ಮುಖ್ಯ, ಏರಿಸಿದವನು ಸೀನಬಾರದು. ನಶ್ಯ ಅಂದರೆ ಸೀನು ಅಂದುಕೊಂಡವರು ಯಾವತ್ತೂ ನಶ್ಯ ಹಾಕದವರು. ಸೀನು ಬಂತೋ, ಒಂದೋ ನಶ್ಯ ಕೆಟ್ಟದ್ದು, ಇಲ್ಲಾ ಮೂಗು ಕೆಟ್ಟದ್ದು. ಇದು ಅಜ್ಜನ ಸಿದ್ಧಾಂತ. "ನಾ ಕಡೇ ಸಲ ಸೀನಿದ್ದು ಮದುವೆಗೆ ಮುಂಚೆ" ಅಂತ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಅಜ್ಜಿ ಒಳಗಿಂದಲೇ, "ಆಮೇಲೆ ಸೀನಕ್ಕೆ ಧೈರ್ಯ ಎಲ್ಲಿತ್ತು" ಅನ್ನುತ್ತಿದ್ದಳು.

ಈ ನಶ್ಯಕ್ಕೂ ನಮ್ಮ ಚಿಕ್ಕಮ್ಮನ ಮದುವೆ ಮಾತಿಗೂ ಗಂಟು ಬಿದ್ದ ಕಥೆ ಒಂದಿದೆ. ಇಸವಿ ಕೇಳಬೇಡಿ. ಪೇಟೆಯ ಗೋಡೆಗಳ ಮೇಲೆ ಇಂದಿರಾ ಗಾಂಧಿಯವರ ಹಸು-ಕರುವಿನ ಗುರುತು ಇನ್ನೂ ಮಾಸಿರಲಿಲ್ಲ, ನಾನು ಚಡ್ಡಿ ಹಾಕುತ್ತಿದ್ದೆ, ಅಷ್ಟು ನೆನಪಿದೆ. ಅಡಕೆ ಕೊಯ್ಲಿನ ಕಾಲ ಅನ್ನುವುದು ಮಾತ್ರ ಖಾತ್ರಿ. ಆ ದಿನಗಳನ್ನು ನೆನೆಸಿಕೊಂಡರೆ ಮೊದಲು ಬರುವುದೇ ಅಡಕೆ ಬೇಯುವ ಚೊಗರಿನ ವಾಸನೆ.

ಊರು ಚಂದ್ರಗುತ್ತಿ ಕಡೆಯದು. ಜಗಲಿಯಲ್ಲಿ ಕೂತರೆ ಗುಡ್ಡ ಕಾಣುತ್ತಿತ್ತು, ಅದೂ ಬೆಳಿಗ್ಗೆ ಹತ್ತರ ಮೇಲೆ, ಅಲ್ಲಿಯವರೆಗೆ ಇಬ್ಬನಿ. ಆ ವರ್ಷ ಇಬ್ಬನಿ ಸಾಲದು ಅಂತ ಮೋಡವೂ ಬಂದು ಕೂತಿತ್ತು. ಅಡಕೆ ಇರುವ ಮನೆಗೆ ಆ ಹೊತ್ತಲ್ಲಿ ಮೋಡ ಬಂದರೆ ಸೂತಕ ಬಂದ ಲೆಕ್ಕ. ಕೊನೆಗೌಡ ಮರದಿಂದ ಇಳಿಸಿದ್ದು ಇಳಿಸಿದ ಹಾಗೇ ಬಿದ್ದಿದೆ, ಸುಲಿಯುವವರು ರಾತ್ರಿ ಎಲ್ಲ ಮೆಟ್ಟುಗತ್ತಿ ಮೇಲೆ ಕೂತು ಸುಲಿದದ್ದು ಹಂಡೆಯಲ್ಲಿ ಬೆಂದಿದೆ, ಒಣಗಲು ಬಿಸಿಲಿಲ್ಲ. ಮಾವ ಗಳಿಗೆಗೊಮ್ಮೆ ಅಂಗಳಕ್ಕೆ ಬಂದು ಆಕಾಶ ನೋಡಿ ಒಳಗೆ ಹೋಗುತ್ತಿದ್ದ. ಅಜ್ಜನೂ ಆಕಾಶ ನೋಡುತ್ತಿದ್ದರು. ಆದರೆ ಅವರ ಚಿಂತೆ ಅಡಕೆಯದಲ್ಲ, ಹೊಗೆಸೊಪ್ಪಿನದು.

ಕಾರಣ ಇತ್ತು. ಚಿಕ್ಕಮ್ಮನಿಗೆ ಶಿಕಾರಿಪುರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಮೇಷ್ಟ್ರು. ಸಂಬಂಧ ತಂದವರು ಆನವಟ್ಟಿಯ ಒಬ್ಬ ಮಂಡಿ ವ್ಯಾಪಾರಿ. ಅವರು ಹುಡುಗನ ಸಂಬಳ, ಗದ್ದೆ, ಅಣ್ಣತಮ್ಮಂದಿರ ಲೆಕ್ಕ ಎಲ್ಲ ಹೇಳಿ ಮುಗಿಸಿ, ಎದ್ದು ಚಪ್ಪಲಿ ಮೆಟ್ಟುವಾಗ, "ಹುಡುಗನ ಅಪ್ಪನಿಗೂ ನಿಮ್ಮ ಹಂಗೇ ನಶ್ಯದ ಚಟ" ಅಂದರು. ಅಲ್ಲಿಯತನಕ ಹೂಂ ಹೂಂ ಅಂತ ಕೇಳುತ್ತಿದ್ದ ಅಜ್ಜ ಎದ್ದು ಕೂತರು. ಆ ಕಡೆಯವರು ಬಂದಾಗ ಹಳೇ ನಶ್ಯ ಮುಂದಿಡಲಿಕ್ಕಾಗುತ್ತದಾ? ಹೊಸದು ಆಗಲೇಬೇಕು. ಹುಡುಗಿಗೆ ಹೊಸ ಸೀರೆ ತರುವ ಮಾತು ಆಮೇಲೆ ಬಂತು.

ಹೊಗೆಸೊಪ್ಪಿಗೆ ಶಿರಾಳಕೊಪ್ಪದ ಸಂತೆಗೇ ಹೋಗಬೇಕು ಅನ್ನುವುದು ಅವರ ಹಟ. ನನ್ನನ್ನೂ ಕರೆದುಕೊಂಡು ಹೋದರು, ಚೀಲ ಹಿಡಿಯಲಿಕ್ಕೆ. ಆ ಸಂತೆ ಅಂದರೆ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗ. ಒಂದು ಕಡೆ ನಮ್ಮವರ ವೀಳ್ಯದೆಲೆ, ಬಾಳೆಕಾಯಿ, ಬಿದಿರಿನ ಬುಟ್ಟಿ. ಇನ್ನೊಂದು ಕಡೆ ಬ್ಯಾಡಗಿ ಕಡೆಯಿಂದ ಬಂದ ಕೆಂಪು ಮೆಣಸಿನಕಾಯಿ ರಾಶಿ, ಶೇಂಗಾ, ಜೋಳ, ಕಂಬಳಿ. ಮೆಣಸಿನಕಾಯಿ ಸಾಲಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ಓಡುತ್ತಿದ್ದರೆ ಅಜ್ಜ ಬೇಕಂತಲೇ ಅಲ್ಲಿ ನಿಂತು ಪರಿಚಯದವರ ಹತ್ತಿರ ಮಳೆ ಬೆಳೆ ಮಾತಾಡಿದರು. ಸೀನಲಿಲ್ಲ. ನಾನು ಸೀನಿ ಸೀನಿ ಸುಸ್ತಾದೆ.

ಹೊಗೆಸೊಪ್ಪಿನವನ ಮುಂದೆ ಕೂತದ್ದು ಬಹಳ ಹೊತ್ತು. ನಿಪ್ಪಾಣಿ ಕಡೆಯದು ಬೀಡಿಗೆ, ಅದು ಬೇಡ. ಕವಳಕ್ಕೆ ಹಾಕುವ ದಪ್ಪ ಎಲೆ, ಕರಿ ಬಣ್ಣದ್ದು, ಕೈಗೆ ಅಂಟುವಂಥದ್ದು ಬೇಕು. ಎಲೆ ಬಿಡಿಸಿ ಬೆಳಕಿಗೆ ಹಿಡಿದು ತೂತು ನೋಡುವುದು, ಮೂಸುವುದು, ತುದಿ ಒಂದಿಷ್ಟು ಚಿವುಟಿ ನಾಲಿಗೆ ಮೇಲಿಟ್ಟು ಉಗುಳುವುದು. ಅಂಗಡಿಯವನು ತಾಳ್ಮೆಯಿಂದ ನೋಡುತ್ತಿದ್ದ. ಕಡೆಗೆ, "ಅಜ್ಜಾರ, ಹೆಣ್ಣು ನೋಡಾಕ ಬಂದೀರೇನು?" ಅಂದ. ಅಜ್ಜ, "ಅಲ್ಲಪ್ಪ, ಹೆಣ್ಣು ಕೊಡಕ್ಕೆ" ಅಂದರು.

ವಾಪಸು ಬಸ್ಸಿಗೆ ಕಾಯುವಾಗ ಅಜ್ಜ ನನಗೆ ಇತಿಹಾಸ ಹೇಳಿದರು. ಶಿರಾಳಕೊಪ್ಪದ ಹತ್ತಿರವೇ ತಾಳಗುಂದ, ಬಳ್ಳಿಗಾವಿ ಇರುವುದು. ತಾಳಗುಂದದ ಮಯೂರಶರ್ಮ ಓದಲಿಕ್ಕೆ ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆಯವನ ಹತ್ತಿರ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಕಥೆ ಅಲ್ಲಿನ ಕಂಬದ ಶಾಸನದಲ್ಲೇ ಇದೆ. ಶಾಸನದಲ್ಲಿ ಇಲ್ಲದ್ದು ಒಂದನ್ನು ಅಜ್ಜ ಸೇರಿಸಿದರು. ಮಯೂರಶರ್ಮನ ಸೊಂಟದಲ್ಲಿ ನಶ್ಯದ ಡಬ್ಬಿ ಇತ್ತಂತೆ. ಆ ಕುದುರೆಯವನು ಅದನ್ನು ಕೇಳಿದನಂತೆ, ಇವನು ಕೊಡಲಿಲ್ಲವಂತೆ, ಜಗಳ ಅಲ್ಲಿಂದಲೇ ಶುರುವಂತೆ.

ಬಹಳ ವರ್ಷ ನಾನು ಇದನ್ನು ನಂಬಿದ್ದೆ. ಆಮೇಲೆ ಓದಿ ತಿಳಿದದ್ದು ಬೇರೆ. ಮೂಗಿಗೆ ಔಷಧಿ ಬಿಡುವ ಚಿಕಿತ್ಸೆ ಆಯುರ್ವೇದದಲ್ಲಿ ಹಳೆಯದು, ಆದರೆ ಹೊಗೆಸೊಪ್ಪು ಅಮೆರಿಕದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು, ಮಯೂರಶರ್ಮ ಸತ್ತು ಸಾವಿರ ವರ್ಷ ಕಳೆದ ಮೇಲೆ. ಅಕ್ಬರನ ಕಡೆಯ ಅಸದ್ ಬೇಗ್ ಎಂಬುವನು 1604ರ ಸುಮಾರಿಗೆ ಇದನ್ನು ಮೊದಲ ಸಲ ಕಂಡದ್ದು ನಮ್ಮ ಬಿಜಾಪುರದಲ್ಲೇ. ಚಂದದ ಹುಕ್ಕಾ ಸಮೇತ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ, ಪಕ್ಕದಲ್ಲಿದ್ದ ಹಕೀಮ ಬೇಡವೇ ಬೇಡ ಅಂದ. ಮಗ ಜಹಾಂಗೀರ್ 1617ರಲ್ಲಿ ಯಾರೂ ಸೇದಬಾರದು ಅಂತ ಅಪ್ಪಣೆಯನ್ನೇ ಹೊರಡಿಸಿದ. ಯಾರು ಕೇಳಿದರು? ಇನ್ನು ನಶ್ಯದ ವಿಷಯಕ್ಕೆ ಬಂದರೆ, ನಮ್ಮ ತೆಂಕಣ ದೇಶದ ಕಪ್ಪು ನಶ್ಯಕ್ಕೆ ಹೊರಗೂ ಹೆಸರಿತ್ತು. ಆಂಧ್ರದ ಮಚಲೀಪಟ್ಟಣದ ಹಸಿ ಕಪ್ಪು ನಶ್ಯ ಹಡಗು ಹತ್ತಿ ಲಂಡನ್ನಿನ ದೊರೆಗಳ ಮೂಗಿಗೆ ಹೋಗುತ್ತಿತ್ತು. ಇದು ಅಜ್ಜನಿಗೆ ಗೊತ್ತಿದ್ದರೆ ಮಯೂರಶರ್ಮನನ್ನು ಬಿಟ್ಟುಬಿಡುತ್ತಿದ್ದರೋ ಏನೋ.

ಎಲ್ಲಿದ್ದೆ? ಹೊಗೆಸೊಪ್ಪು ಮನೆಗೆ ಬಂತು. ಮೋಡ ಹೋಗಲಿಲ್ಲ.

ಹೊಗೆಸೊಪ್ಪು ಗಾಳಿಯಲ್ಲಿ ಎಲ್ಲಿ ತೇವ ಇದ್ದರೂ ಹೀರುತ್ತದೆ. ಸಂತೆಯಲ್ಲಿ ಗರಿಗರಿ ಇದ್ದ ಎಲೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಮೆತ್ತಗಾಗಿತ್ತು. ಅಜ್ಜ ಮೊದಲು ನಡುವಿನ ದಂಟು ಸೀಳಿ ತೆಗೆದರು. ದಂಟು ಬಿಸಾಡುವುದಿಲ್ಲ, ನೀರಲ್ಲಿ ಕುದಿಸಿ, ಬಾರ್ ಸೋಪಿನ ಚೂರು ಕದಡಿ ಬದನೆ ಗಿಡದ ಹೇನಿಗೆ ಹೊಡೆಯುತ್ತಿದ್ದರು. ಹುಳ ಸಾಯುತ್ತಿತ್ತು. ಹುಳ ಸಾಯಿಸುವುದನ್ನು ಮೂಗಿಗೆ ಏರಿಸುತ್ತೀರಲ್ಲ ಅಂತ ಅಜ್ಜಿ ಕೇಳಿದರೆ, "ಮೂಗಲ್ಲೂ ಹುಳ ಇದ್ರೆ ಸಾಯಲಿ" ಅನ್ನುವ ಉತ್ತರ.

ಹುರಿಯುವ ಕೆಲಸ ಅಡುಗೆಮನೆಯಲ್ಲಿ ನಡೆಯುವ ಹಾಗಿಲ್ಲ. ಅಡಕೆ ಬೇಯಿಸುವ ಒಲೆಯಿಂದ ಕೆಂಡ ಎಳೆದು, ಮೇಲೆ ಹಳೇ ಕಾವಲಿ ಇಟ್ಟು, ಅಂಗಳದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತರು. ಒಂದು ಎಲೆ ಹಾಕುವುದು, ಮಗುಚುವುದು, ಬೆರಳಲ್ಲಿ ಒತ್ತಿ ನೋಡುವುದು. ಹಪ್ಪಳದ ಹಾಗೆ ಲಟಕ್ಕನೆ ಮುರಿಯಬೇಕು, ಆದರೆ ಸುಟ್ಟ ವಾಸನೆ ಬರಬಾರದು. ಸುಟ್ಟಿತೋ, ಬೂದಿ. ಹಸಿ ಉಳಿಯಿತೋ, ಒರಳಲ್ಲಿ ಪುಡಿಯಾಗುವ ಬದಲು ನಾರಾಗುತ್ತದೆ. ಹೊಗೆ ಅಡಕೆ ಸುಲಿಯುವವರ ಚಪ್ಪರಕ್ಕೆ ತಿರುಗಿತು. ಹೆಂಗಸರು ಕೆಮ್ಮುತ್ತಾ, ಸೆರಗಿನಲ್ಲಿ ಕಣ್ಣೊರಸುತ್ತಾ, "ಒಡೆಯರು ಬೀಗರನ್ನ ಕರೀತಾರೋ ಭೂತ ಬಿಡಿಸ್ತಾರೋ" ಅಂತ ನಗಾಡಿದರು.

ಕುಟ್ಟಲಿಕ್ಕೆ ಬೇರೆಯೇ ಒಂದು ಸಣ್ಣ ಕಲ್ಲೊರಳು. ಅದು ಕೊಟ್ಟಿಗೆಯ ಹೊರಗೆ ಇರುವುದು. ಮನೆಯೊಳಗೆ ಬರಬಾರದು ಅಂತ ಅಜ್ಜಿಯ ಕಾನೂನು. ಒಮ್ಮೆ ಅದರಲ್ಲಿ ಯಾರೋ ಗೊತ್ತಿಲ್ಲದೆ ಶುಂಠಿ ಜಜ್ಜಿ ತಂದು ಕಷಾಯ ಮಾಡಿ, ಮನೆಯವರೆಲ್ಲ ತಲೆ ತಿರುಗಿ ಮಲಗಿದ್ದರಂತೆ. ಇದು ನಾನು ಹುಟ್ಟುವ ಮೊದಲಿನ ಕಥೆ. ಮುಖಕ್ಕೆ ಪಂಚೆ ಸುತ್ತಿಕೊಂಡು, ಗಾಳಿಗೆ ಬೆನ್ನು ಮಾಡಿ ಕುಟ್ಟಬೇಕು. ಕುಟ್ಟಿದ್ದನ್ನು ಡಬ್ಬಿಯ ಬಾಯಿಗೆ ಬಿಗಿದ ಹಳೇ ಮಲ್ಲು ಪಂಚೆಯ ಮೇಲೆ ಸುರಿದು ಬೆರಳಲ್ಲಿ ಮೆಲ್ಲಗೆ ತಟ್ಟುವುದು. ಇಳಿದದ್ದು ನಶ್ಯ, ಉಳಿದದ್ದು ಮತ್ತೆ ಒರಳಿಗೆ. ಅರ್ಧ ಸೇರಿನ ಡಬ್ಬಿ ತುಂಬಲಿಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತಿತ್ತು. ಅಷ್ಟು ಹೊತ್ತು ಅಜ್ಜ ಮಾತಾಡುತ್ತಿರಲಿಲ್ಲ. ಬೇರೆ ಯಾವ ಕೆಲಸಕ್ಕೂ ಅವರು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ನಾನು ಕಂಡಿಲ್ಲ, ತರ್ಪಣಕ್ಕೂ ಸಹ.

ಆಮೇಲೆ ಸುಣ್ಣ. ಕವಳದ ತಟ್ಟೆಯ ಸುಣ್ಣ ಆಗದು. ಘಟ್ಟದ ಕೆಳಗಿನಿಂದ ಬಂದ ಚಿಪ್ಪಿನ ಸುಣ್ಣವನ್ನು ನೀರಲ್ಲಿ ಕದಡಿ, ರಾತ್ರಿ ಇಟ್ಟು, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳುವುದು. ಆ ತಿಳಿಯನ್ನು ಬೆರಳತುದಿಯಲ್ಲಿ ಪುಡಿಗೆ ಚಿಮುಕಿಸಿ ಅಂಗೈಯಲ್ಲಿ ಉಜ್ಜಿದರೆ ಕಣ್ಣೆದುರೇ ಬಣ್ಣ ತಿರುಗುತ್ತಿತ್ತು, ಕಂದು ಹೋಗಿ ಕಪ್ಪು. ವಾಸನೆಯೂ ಏಳುತ್ತಿತ್ತು, ಪಕ್ಕದಲ್ಲಿ ಕೂತ ನನ್ನ ಕಣ್ಣಲ್ಲಿ ನೀರು. ಎಲೆಯ ಒಳಗಿನ ಹುಳಿ ನಿಕೋಟಿನ್ನನ್ನು ಹಿಡಿದಿಟ್ಟುಕೊಂಡಿರುತ್ತದೆ, ಸುಣ್ಣದ ಕ್ಷಾರ ಅದನ್ನು ಬಿಡಿಸುತ್ತದೆ ಅಂತ ಕಾಲೇಜಿನಲ್ಲಿ ಓದುವಾಗ ನನಗೆ ಆ ಅಂಗೈ ನೆನಪಾಗಿತ್ತು. ಅಜ್ಜ ಇದಕ್ಕೆ ಒಂದೇ ಮಾತು ಹೇಳುತ್ತಿದ್ದರು: "ಸುಣ್ಣ ಬಿದ್ರೆ ಸೊಪ್ಪು ಎಚ್ಚರಾಗ್ತದೆ."

ಕಡೆಯದು ತುಪ್ಪ. ಜಗಳದ ಜಾಗ ಇದು. ಅಜ್ಜನಿಗೆ ಹಸುವಿನ ತುಪ್ಪವೇ ಬೇಕು, ಅದೂ ಆ ವಾರ ಕಾಸಿದ್ದು. ಅಜ್ಜಿ ಬೀಗರ ಊಟಕ್ಕೆ ಅಂತ ಬೆಣ್ಣೆ ಕೂಡಿಟ್ಟು ಕಾಸಿ, ಗಡಿಗೆಯನ್ನು ನೆಲುವಿನ ಮೇಲಿಟ್ಟಿದ್ದಳು. ನನ್ನನ್ನು ಕಾವಲಿಗೆ ನಿಲ್ಲಿಸಿದರು ಅಂತ ಒಂದು ನೆನಪು, ನಾನೇ ಮಣೆ ಹತ್ತಿ ಇಳಿಸಿಕೊಟ್ಟೆ ಅಂತ ಇನ್ನೊಂದು ನೆನಪು. ಎರಡರಲ್ಲಿ ಯಾವುದೋ ಒಂದು. ಒಂದು ಮಿಳ್ಳೆ ತುಪ್ಪ ಬೆಚ್ಚಗೆ ಮಾಡಿ, ತೊಟ್ಟು ತೊಟ್ಟಾಗಿ ಹಾಕುತ್ತಾ ಎರಡೂ ಅಂಗೈ ನಡುವೆ ಹೊಸೆದರು. ಪುಡಿ ಮಿರಿಮಿರಿ ಆಯಿತು, ಭಾರ ಬಂತು, ಹಾರುವುದು ನಿಂತಿತು. ಡಬ್ಬಿಗೆ ತುಂಬಿ, ಬಟ್ಟೆ ಕಟ್ಟಿ, ಭತ್ತದ ಕಣಜದಲ್ಲಿ ಹುಗಿದರು. ಅಲ್ಲಿ ಅದು ನಾಲ್ಕಾರು ದಿನ ಕಳೆದು ಹದಕ್ಕೆ ಬರಬೇಕು.

ಡಬ್ಬಿ ಅಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅವರಲ್ಲೊಬ್ಬರು ಅಜ್ಜನಿಗೆ ಬಹಳ ಬೇಕಾದವರು, ಬೆರಳುದ್ದದ ಗಂಧದ ಡಬ್ಬಿಯೊಂದನ್ನು ಮಾಡಿ ಕೊಟ್ಟಿದ್ದರು. ಮುಚ್ಚಳದ ಮೇಲೆ ಬಳ್ಳಿ, ಬಳ್ಳಿಯಲ್ಲಿ ಗಿಳಿ. ಅಜ್ಜ ಅದನ್ನು ಎಲ್ಲರಿಗೂ ತೋರಿಸುತ್ತಿದ್ದರು, ನಶ್ಯ ಮಾತ್ರ ಹಾಕುತ್ತಿರಲಿಲ್ಲ. ಗಂಧದ ವಾಸನೆ ನಶ್ಯಕ್ಕೆ ಹತ್ತಿಬಿಡುತ್ತದೆ ಅಂತ. ನಶ್ಯ ಇರುತ್ತಿದ್ದದ್ದು ಅಮೃತಾಂಜನದ ಹಳೇ ಡಬ್ಬಿಯಲ್ಲಿ. ಗಂಧದ ಡಬ್ಬಿಯಲ್ಲಿ ಅಜ್ಜಿ ಮೂಗುಬೊಟ್ಟಿನ ತಿರುಪು ಇಟ್ಟುಕೊಂಡಿದ್ದಳು.

ಬೀಗರು ಬಂದ ದಿನ ಮೋಡ ಒಡೆದು ಬಿಸಿಲು ಬಿತ್ತು. ಮಾವ ಅಡಕೆ ಹರವಲಿಕ್ಕೆ ಓಡಿದವನು ಬೀಗರನ್ನು ಎದುರುಗೊಳ್ಳಲಿಕ್ಕೇ ಬರಲಿಲ್ಲ. ಹುಡುಗ, ಹುಡುಗನ ಅಪ್ಪ, ಸೋದರತ್ತೆ, ಆನವಟ್ಟಿಯ ಮಂಡಿಯವರು, ಮತ್ತೆ ಪಂಚಾಂಗ ನೋಡುವ ಒಬ್ಬರು. ಹೆಣ್ಣು ನೋಡುವ ಶಾಸ್ತ್ರ ಅಂದರೆ ಉಪ್ಪಿಟ್ಟು, ಕೇಸರಿಬಾತು ಅಂತ ಆ ಕಾಲಕ್ಕೇ ಆಗಿಹೋಗಿತ್ತು. ಅಜ್ಜಿ ಒಪ್ಪಲಿಲ್ಲ. ಅದು ಹೋಟೆಲಿನವರು ಮಾಡುವುದು ಅಂದಳು. ಆಲೆಮನೆ ಶುರುವಾದ ದಿನಗಳು; ಕಬ್ಬಿನ ಹಾಲು ತರಿಸಿ, ಅಕ್ಕಿಹಿಟ್ಟು ಕದಡಿ, ಒಲೆ ಮೇಲೆ ಬೋರಲು ಹಾಕಿದ ಮಡಕೆಗೆ ತೊಡೆದು ತೊಡೆದೇವು ಎಬ್ಬಿಸಿದ್ದಳು. ಜೊತೆಗೆ ತುಪ್ಪ. ತುಪ್ಪ ಬಡಿಸುವಾಗ ಗಡಿಗೆಯೊಳಗೆ ನೋಡಿದಳು, ಅಜ್ಜನನ್ನು ನೋಡಿದಳು, ಏನೂ ಅನ್ನಲಿಲ್ಲ. ಶಿಕಾರಿಪುರದ ಸೋದರತ್ತೆ ತೊಡೆದೇವನ್ನು ಕೈಯಲ್ಲಿ ಎತ್ತಿ ಹಿಡಿದು, "ಇದನ್ನ ತಿನ್ನೂದೋ, ಓದೂದೋ?" ಅಂತ ಕೇಳಿದಳು. ಅಷ್ಟು ತೆಳ್ಳಗಿತ್ತು.

ಹುಡುಗನ ಅಪ್ಪ ಎತ್ತರದ ಆಳು, ಮಾತು ಕಡಿಮೆ. ಈಸೂರಿನ ಪಕ್ಕದ ಹಳ್ಳಿಯವರು. ಈಸೂರು ಅಂದ ಕೂಡಲೇ ಜಗಲಿಯಲ್ಲಿದ್ದವರೆಲ್ಲ ಸ್ವಲ್ಪ ನೆಟ್ಟಗೆ ಕೂತರು. 1942ರಲ್ಲಿ ತಮ್ಮದೇ ಸರ್ಕಾರ ಅಂತ ಸಾರಿ, ವೀರಭದ್ರನ ಗುಡಿ ಮೇಲೆ ಬಾವುಟ ಹಾರಿಸಿ, ಚಿಕ್ಕ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಅಂತ ಕೂರಿಸಿದ ಊರು. ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಗಲಾಟೆಯಲ್ಲಿ ಸತ್ತರು, ಪೊಲೀಸರು ಊರಿಗೆ ನುಗ್ಗಿದರು, ಜನ ಕಾಡು ಸೇರಿದರು. ಮುಂದಿನ ಮಾರ್ಚಿಯಲ್ಲಿ ಐದು ಜನರನ್ನು ಗಲ್ಲಿಗೆ ಹಾಕಿದರು. ಆಗ ಇವರು ಮೀಸೆ ಚಿಗುರಿದ ಹುಡುಗ. ಈಸೂರಿನ ನೆಂಟರ ಜೊತೆ ತಾವೂ ಕಾಡಲ್ಲಿದ್ದೆ ಅಂದರು. "ಬೀಡಿ ಹಚ್ಚಿದ್ರ ಬೆಂಕಿ ಕಾಣ್ತಿತ್ತು. ಅದಕ್ಕ ನಶ್ಯ ಕಲ್ತೆ" ಅಂದರು. ಅಷ್ಟೇ. ಅದಕ್ಕಿಂತ ಹೆಚ್ಚು ಅವರು ಆ ದಿನಗಳ ಬಗ್ಗೆ ಮಾತಾಡಿದ್ದನ್ನು ಮುಂದೆಯೂ ನಾನು ಕೇಳಲಿಲ್ಲ.

ಅಜ್ಜ ಈ ಹೊತ್ತಿಗೇ ಕಾಯುತ್ತಿದ್ದವರು ಡಬ್ಬಿ ತೆಗೆದು ಮುಂದೆ ಹಿಡಿದರು. ಬೀಗರು ಚಿಟಿಕೆ ತೆಗೆದುಕೊಂಡು ಬೆರಳಲ್ಲಿ ತಿಕ್ಕಿದರು, ನೋಡಿದರು, ಒಂದು ಹೊಳ್ಳೆಗೆ, ಇನ್ನೊಂದು ಹೊಳ್ಳೆಗೆ. ಕಣ್ಣು ಮುಚ್ಚಿದರು. ಎಲ್ಲರೂ ಅವರ ಮೂಗನ್ನೇ ನೋಡುತ್ತಿದ್ದೆವು. ಏನೂ ಆಗಲಿಲ್ಲ. "ತುಪ್ಪ ಬಿದ್ದೈತಿ" ಅಂದರು. ಅಜ್ಜನ ಮುಖ ಅರಳಿತು. ತನ್ನ ನಶ್ಯಕ್ಕೆ ಹಸುಗೂಸೂ ಸೀನುವುದಿಲ್ಲ, ತಾನು ಸೀನಿದ್ದು ಮದುವೆಗೆ ಮುಂಚೆ, ಸೊಪ್ಪು ಆರಿಸುವುದು ಹೀಗೆ, ಸುಣ್ಣದ ತಿಳಿ ಹಾಗೆ, ಎಲ್ಲ ಶುರುವಾಯಿತು. ಮಂಡಿಯವರು ನಡುವೆ ಬಾಯಿ ಹಾಕಿ, ನಶ್ಯದ ಮಾತು ಆಯಿತು, ಮದುವೆ ಮಾತು ಆಡೋಣ ಅಂದರು. ಪಂಚಾಂಗದವರು ಕನ್ನಡಕ ಏರಿಸಿ, ಎರಡೂ ಜಾತಕ ಎದುರಿಗಿಟ್ಟುಕೊಂಡು, "ಕೂಡಿ ಬರ್ತದೆ..." ಅಂದರು.

ಒಳಗಿಂದ ಸೀನು ಬಂತು. ಒಂದೇ ಒಂದು.

ಒಂಟಿ ಸೀನು ಆಗ ಎಂಥ ಸಂಗತಿ ಅನ್ನುವುದನ್ನು ಈಗಿನವರಿಗೆ ವಿವರಿಸುವುದು ಕಷ್ಟ. ಹೊರಟವರು ಚಪ್ಪಲಿ ಬಿಟ್ಟು ವಾಪಸು ಕೂರುತ್ತಿದ್ದರು. ಜೋಡಿ ಸೀನಾದರೆ ಶುಭ, ಒಂಟಿಯಾದರೆ ಕೆಲಸ ಕೆಟ್ಟಿತು. ಜಾತಕದ ಮೇಲಿದ್ದ ಬೆರಳು ಅಲ್ಲೇ ನಿಂತಿತು. ಎರಡನೆಯದು ಬರುತ್ತದೋ ಅಂತ ಎಲ್ಲರೂ ಅಡುಗೆಮನೆ ಬಾಗಿಲ ಕಡೆ ಕಿವಿ ಕೊಟ್ಟು ಕೂತರು. ಬರಲಿಲ್ಲ. ಅಜ್ಜಿ ಒಳಗಿಂದ, "ಬೆಕ್ಕು" ಅಂದಳು. ಬೆಕ್ಕು ನನ್ನ ಕಾಲ ಹತ್ತಿರವೇ ಮಲಗಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಸೋದರತ್ತೆ ಸೆರಗು ಸರಿಮಾಡಿಕೊಂಡು, "ಇನ್ನೊಮ್ಮೆ ಯಾವಾಗರ ಬಂದ್ರಾತು" ಅಂದಳು. ಅದು ಏಳುವವರ ಮಾತು. ಆಗ ಅಜ್ಜನಿಗೆ ಏನೋ ಹೊಳೆಯಿತು. ಡಬ್ಬಿ ತೆಗೆದು ಪಂಚಾಂಗದವರ ಮುಂದೆ ಹಿಡಿದು, "ತಗಳಿ, ಒಂದು ಚಿಟಿಕೆ ತಗಳಿ" ಅಂದರು. ಅವರು ಅರ್ಥ ಮಾಡಿಕೊಂಡು ಏರಿಸಿದರು, ಜೀವಮಾನದಲ್ಲಿ ನಶ್ಯ ಮುಟ್ಟದವರು. ಕಣ್ಣು ಕೆಂಪಾಯಿತು, ನೀರು ಬಂತು, ಸೀನು ಬರಲಿಲ್ಲ. ಮಂಡಿಯವರೂ ಏರಿಸಿದರು. ಅವರಿಗೂ ಇಲ್ಲ. ನನ್ನ ಮೂಗಿಗೂ ಒಂದಿಷ್ಟು ಹಚ್ಚಿದರು, ಸಂತೆಯಲ್ಲಿ ಅಷ್ಟು ಸೀನಿದವನು ಇಲ್ಲಿ ಕಲ್ಲಾಗಿ ನಿಂತೆ. ಸೀನಬಾರದು ಅಂತಲೇ ತುಪ್ಪ ಹಾಕಿ ಹೊಸೆದ ನಶ್ಯ ತನ್ನ ಕೆಲಸ ಮಾಡಿತು. ಅಜ್ಜನ ಮುಖದಲ್ಲಿ ಹೆಮ್ಮೆಯೂ ಸಂಕಟವೂ ಒಟ್ಟಿಗೆ ಕೂತದ್ದನ್ನು ನೋಡಬೇಕಿತ್ತು.

ಹುಡುಗನ ಅಪ್ಪ ಇಷ್ಟು ಹೊತ್ತು ಸುಮ್ಮನೆ ಇದ್ದವರು ಅಂಗಿಯ ಒಳಜೇಬಿನಿಂದ ತಮ್ಮ ಡಬ್ಬಿ ತೆಗೆದರು. ತಗಡಿನದು, ಮುಚ್ಚಳ ನಗ್ಗಿದ್ದು. "ನಮ್ದೊಂದೀಟು ನೋಡ್ರಿ" ಅಂತ ಅಜ್ಜನ ಮುಂದಿಟ್ಟರು. ಒಳಗಿದ್ದ ಪುಡಿ ತಿಳಿ ಕಂದು, ಮೈದಾದಷ್ಟು ನುಣುಪು, ಒಂದು ಹನಿ ಜಿಡ್ಡಿಲ್ಲ. ಕಾಡಲ್ಲಿ ತುಪ್ಪ ಎಲ್ಲಿತ್ತು? ಸೊಪ್ಪು, ಸುಣ್ಣ, ಮುಗಿಯಿತು. ಊರಿಗೆ ಬಂದ ಮೇಲೂ ಅವರು ಅದನ್ನೇ ಉಳಿಸಿಕೊಂಡಿದ್ದರು. ಅಜ್ಜ ಬೇರೆಯವರ ನಶ್ಯ ಹಾಕುವವರಲ್ಲ. ಆದರೆ ಬೀಗರು ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಸಣ್ಣ ಚಿಟಿಕೆ ತೆಗೆದು, ಇದೆಂಥ ಧೂಳು ಅನ್ನುವ ಮುಖ ಮಾಡಿ, ಏರಿಸಿದರು.

ಮೊದಲು ಹುಬ್ಬು ಮೇಲೆ ಹೋಯಿತು. ಆಮೇಲೆ ಬಾಯಿ ತೆರೆಯಿತು. ಅಜ್ಜ ಕಂಬ ಹಿಡಿದುಕೊಂಡರು. ಸೀನು ಬಂತು ನೋಡಿ, ಚಪ್ಪರದಲ್ಲಿ ಅಡಕೆ ಹರವುತ್ತಿದ್ದ ಮಾವ ಏನಾಯಿತೋ ಅಂತ ಓಡಿ ಬಂದ.

"ಜೋಡಿ ಆತು" ಅಂದರು ಹುಡುಗನ ಅಪ್ಪ.

ಪಂಚಾಂಗದವರು ತಕರಾರು ತೆಗೆದರು. ಒಂದೇ ಮೂಗಿನಿಂದ ಎರಡು ಬಂದರೆ ಜೋಡಿ, ಬೇರೆ ಬೇರೆ ಮೂಗಾದರೆ ಎರಡು ಒಂಟಿ ಅಲ್ಲವಾ ಅಂತ. ಶಾಸ್ತ್ರದಲ್ಲಿ ಹಾಗೆ ಎಲ್ಲಿದೆ ಅಂತ ಅಜ್ಜ ಮೂಗು ಒರೆಸಿಕೊಳ್ಳುತ್ತಲೇ ಕೇಳಿದರು. ಹುಡುಗನ ಅಪ್ಪ, "ಒಂದು ಹೆಣ್ಣಿನ ಕಡೀದು, ಒಂದು ಹೆಣ್ಣಿನ ಅಪ್ಪಂದು. ಒಂದಾ ಮನಿ ಮೂಗು, ಬಿಡ್ರಿ" ಅಂದರು. ಅದಕ್ಕೆ ಯಾರಿಗೂ ಎದುರು ಹೇಳಲಿಕ್ಕಾಗಲಿಲ್ಲ. ಬೆರಳು ಮತ್ತೆ ಜಾತಕದ ಮೇಲೆ ಹೋಯಿತು.

ಮದುವೆ ಊರಿನಲ್ಲೇ ಆಯಿತು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಮಳೆ ಬಂತು, ಸಾರು ಉಪ್ಪಾಗಿತ್ತು, ಎಲ್ಲ ಮದುವೆಗಳ ಹಾಗೆ. ನಶ್ಯದ ವ್ಯವಹಾರ ಮಾತ್ರ ಮುಂದುವರಿಯಿತು. ವರ್ಷಕ್ಕೆ ಎರಡು ಮೂರು ಸಲ ಶಿಕಾರಿಪುರದಿಂದ ಕಂದು ನಶ್ಯ ಬರುತ್ತಿತ್ತು, ಇಲ್ಲಿಂದ ಕಪ್ಪು ನಶ್ಯ ಹೋಗುತ್ತಿತ್ತು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುವುದು. ಕಂಡಕ್ಟರಿಗೆ ಎರಡೂ ಕಡೆಯಿಂದ ಒಂದೊಂದು ಚಿಟಿಕೆ ಮಾಮೂಲು. ಅಜ್ಜ ಬೀಗರ ನಶ್ಯವನ್ನು ಜನರೆದುರು ಬೈಯುತ್ತಿದ್ದರು. ಮಳೆಗಾಲದಲ್ಲಿ ನೆಗಡಿಯಾಗಿ ಮೂಗು ಕಟ್ಟಿದಾಗ ಕೊಟ್ಟಿಗೆ ಹಿಂದೆ ಹೋಗಿ ಅದನ್ನೇ ಏರಿಸಿ, ಯಾರಿಗೂ ಕೇಳದಂತೆ ಪಂಚೆಯಲ್ಲಿ ಮುಖ ಹುದುಗಿಸಿ ಸೀನಿ ಬರುತ್ತಿದ್ದರು. ಆ ಪಂಚೆ ಒಗೆಯುವುದು ಅಜ್ಜಿಯ ಪಾಲು. ನಶ್ಯದ ಕಲೆ ಸೀಗೆಕಾಯಿಗೂ ಹೋಗದು, ಸಾಬೂನಿಗೂ ಹೋಗದು.

ಕಡೆಗಾಲಕ್ಕೆ ಅಜ್ಜನ ಮೂಗು ಕೆಲಸ ನಿಲ್ಲಿಸಿತ್ತು. ಒಲೆ ಮೇಲೆ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ, ಅಪ್ಪೆಮಿಡಿ ಭರಣಿ ಮುಚ್ಚಳ ತೆಗೆದರೂ ಗೊತ್ತಾಗುತ್ತಿರಲಿಲ್ಲ. ಅಪ್ಪೆಮಿಡಿಯ ಸೊನೆಯ ವಾಸನೆ ಹೋದದ್ದಕ್ಕೆ ಅವರು ಬಹಳ ನೊಂದುಕೊಂಡರು, ನಶ್ಯ ಬಿಡಲಿಲ್ಲ. ಚಟ ಚಟವೇ, ಮನೆಯಲ್ಲಿ ತುಪ್ಪ ಹಾಕಿ ಮಾಡಿದ್ದು ಅಂತ ಅದಕ್ಕೆ ರಿಯಾಯಿತಿ ಇಲ್ಲ. 2003ರ ತಂಬಾಕು ಕಾಯ್ದೆಯ ಪಟ್ಟಿಯಲ್ಲಿ ಸಿಗರೇಟು, ಬೀಡಿಯ ಜೊತೆ ನಶ್ಯದ ಹೆಸರೂ ಇದೆ. ಅಷ್ಟು ಹೊತ್ತಿಗೆ ನಮ್ಮ ಕಡೆ ಕಾಯ್ದೆಗೆ ಸಿಗಲಿಕ್ಕೆ ನಶ್ಯದವರೇ ಉಳಿದಿರಲಿಲ್ಲ, ಹುಡುಗರೆಲ್ಲ ಗುಟ್ಕಾ ಚೀಟಿಗೆ ಹೋಗಿದ್ದರು. ಆ ಚೀಟಿಯೊಳಗಿದ್ದದ್ದೂ ನಮ್ಮ ಅಡಕೆಯೇ. ಅದನ್ನು ಇಲ್ಲಿ ಶುರು ಮಾಡಿದರೆ ಬೆಳಗಾಗುತ್ತದೆ.

ಚಿಕ್ಕಮ್ಮ ಈಗಲೂ ಶಿಕಾರಿಪುರದಲ್ಲಿದ್ದಾಳೆ, ಹುಚ್ಚರಾಯಸ್ವಾಮಿ ಗುಡಿಗೆ ನಡೆದು ಹೋಗಿ ಬರುವಷ್ಟು ಹತ್ತಿರ. ಆ ಮೊದಲ ಸೀನು ಯಾರದು ಅಂತ ಕೇಳಿದಾಗೆಲ್ಲ ಅವಳ ಉತ್ತರ ಬದಲಾಗುತ್ತದೆ. ಒಮ್ಮೆ ಬೆಕ್ಕು. ಒಮ್ಮೆ, ಅಜ್ಜ ನಶ್ಯ ಹೊಸೆದ ಮೂಲೆ ಗುಡಿಸಿದ್ದೆ, ಸೆರಗಿನಲ್ಲಿ ಉಳಿದಿತ್ತು ಅಂತ. ಈಚೆಗೆ ಹೋದಾಗ ಜೋಳದ ರೊಟ್ಟಿ ಬಡಿಯುತ್ತಾ, ನಗುತ್ತಾ ಹೇಳಿದಳು: "ಬೇಕಂತಲೇ ಏರಿಸಿದ್ದೆ. ಇಲ್ಲಿ ದಿನಾ ಜೋಳದ ರೊಟ್ಟಿ ಅಂತ ಯಾರೋ ಹೆದರಿಸಿದ್ರು. ಒಂದು ಸೀನಿದ್ರೆ ಎದ್ದು ಹೋಗ್ತಾರೆ ಅಂದ್ಕಂಡೆ. ಅಪ್ಪ ಹೋಗಿ ಹೋಗಿ ಅವತ್ತೇ ಸೀನಬೇಕಾ?"

ಚಿಕ್ಕಪ್ಪ, ರಿಟೈರಾದ ಮೇಷ್ಟ್ರು, ಪಕ್ಕದಲ್ಲಿ ಪೇಪರ್ ಓದುತ್ತಿದ್ದವರು ಕನ್ನಡಕ ತೆಗೆದರು. "ಅವತ್ತು ನಮ್ಮಪ್ಪನ ಡಬ್ಬಿ ಮುಚ್ಚಳ ತೆಗೆದಾಗ ನಂಗೂ ಒಂದು ಸೀನು ಬಂದಿತ್ತು. ಎರಡಾಗೇತಿ, ಮೂರಾದ್ರ ಕೆಟ್ಟಿತು ಅಂತ ಮೂಗು ಹಿಡಕಂಡು ಕುಂತಿದ್ದೆ" ಅಂದರು.

ಚಿಕ್ಕಮ್ಮ ರೊಟ್ಟಿ ಮಗುಚಿ ಹಾಕಿದಳು.

"ಬಿಡಬೇಕಾಗಿತ್ತು" ಅಂದಳು.